ಹರಾಮ್ ಎಂದವರ ಹೊಣೆ ಅಲ್ಲಿಗೇ ಮುಗಿಯುವುದಿಲ್ಲ

ಗಾಂಜಾ ಎಣ್ಣೆಯ ಪ್ರಶ್ನೆ ನಗರಗಳ ಗಡಿ ದಾಟಿ ಧಾರವಾಡ ತಾಲೂಕಿನ ಗರಗದಂತಹ ಊರಿಗೂ ಬಂದಿದೆ. ರಾಷ್ಟ್ರಧ್ವಜಕ್ಕೆ ಖಾದಿ ನೇಯ್ದುಕೊಟ್ಟ ಊರೆಂದು ನಾಡಿಗೆಲ್ಲ ಪರಿಚಿತವಾದ ಗರಗದಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಚರಕದ ಮುಂದೆ, ಹೊಲದ ಸಾಲಿನಲ್ಲಿ, ಒಲೆಯ ಎದುರಿನಲ್ಲಿ, ಹೊಲಿಗೆ ಯಂತ್ರದ ಮೇಲೆ ಅವರ ಹಗಲು ಕಳೆಯುತ್ತದೆ. ದುಡಿದು ಬಂದ ನೋವು ಒಂದು ರಾತ್ರಿಯ ನಿದ್ರೆಗೆ ಇಳಿಯುತ್ತದೆ. ಆದರೆ ಅವರಲ್ಲಿ ಕೆಲವರ ನೋವು ನಿದ್ರೆಗೂ ಇಳಿಯದು, ವಿಶ್ರಾಂತಿಗೂ ಇಳಿಯದು. ವರ್ಷಗಟ್ಟಲೆ ಧಾರವಾಡ, ಹುಬ್ಬಳ್ಳಿಯ ದವಾಖಾನೆಗಳಿಗೆ ಅಲೆದು, ಕೊನೆಗೆ ಚೀಟಿಯ ಮೇಲೆ ‘ಫೈಬ್ರೊಮಯಾಲ್ಜಿಯಾ’ ಎಂಬ ಹೆಸರು ಬರೆಸಿಕೊಂಡು ಬಂದವರು ಇಂದು ನಮ್ಮಂತಹ ಮದ್ರಸಾ ಶಿಕ್ಷಕರನ್ನು ಕೇಳುತ್ತಿದ್ದಾರೆ: “ಹಜರತ್, ಮೊಬೈಲಿನ್ಯಾಗ ಒಂದು ಎಣ್ಣಿ ತೋರಸ್ತಾರ. ನಾಲಿಗಿ ಕೆಳಗ ನಾಕ ಹನಿ ಬಿಟ್ಕೊಂಡ್ರ ನೋವು ಕಡಿಮಿ ಆಗ್ತದಂತ. ಗಾಂಜಾದ್ದಂತ. ತಗೋಬಹುದೇನ್ರಿ?”

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಎಣ್ಣೆ ಮಾರುವವನು ಹೇಳುತ್ತಾನೆ: ಇದು ಬರಿಯ ಗಿಡಮೂಲಿಕೆ, ಸಂಪೂರ್ಣ ಹಲಾಲ್. ನಮ್ಮವರು ಹೇಳುತ್ತಾರೆ: ಗಾಂಜಾ ಹರಾಮ್, ಸಬರ್ ಮಾಡಮ್ಮ. ಮೊದಲನೆಯದು ವಂಚನೆ. ಎರಡನೆಯದು ಅರ್ಧ ಸತ್ಯ. ವಂಚನೆಯನ್ನು ಖಂಡಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಅರ್ಧ ಸತ್ಯವನ್ನು ಪ್ರಶ್ನಿಸುವವರು ವಿರಳ. ಆದ್ದರಿಂದ ಎರಡನ್ನೂ ಇಲ್ಲಿ ಪರಿಶೀಲಿಸಬೇಕಾಗಿದೆ. ನೊಂದವರ ಮುಂದೆ ಒಂದು ಬಾಗಿಲನ್ನು ಮುಚ್ಚುವವನು ಇನ್ನೊಂದನ್ನು ತೆರೆದು ತೋರಿಸಲು ಬದ್ಧನು ಎಂಬುದೇ ನಮ್ಮ ವಾದ.

ನೋವು ನಟನೆಯಲ್ಲ

ಮೊದಲು ರೋಗವನ್ನು ಅರಿಯೋಣ. ಮೂರು ತಿಂಗಳಿಗೂ ಮೀರಿ ದೇಹದ ಹಲವು ಭಾಗಗಳಲ್ಲಿ ಹರಡಿಕೊಂಡ ನೋವು, ಎಷ್ಟು ಮಲಗಿದರೂ ತೀರದ ದಣಿವು, ಎದ್ದಾಗ ನಿದ್ರೆಯೇ ಮಾಡದಂತಿರುವ ಭಾವ, ಹೇಳಬೇಕೆಂದ ಮಾತು ನಾಲಿಗೆಯ ತುದಿಯಲ್ಲೇ ಮರೆತುಹೋಗುವಷ್ಟು ಮಂಕು. ಇವು ಇದರ ಮುಖ್ಯ ಲಕ್ಷಣಗಳು. ರಕ್ತ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಈ ‘ಏನೂ ಇಲ್ಲ’ ಎಂಬ ವರದಿಯೇ ರೋಗಿಯ ಪಾಲಿಗೆ ಎರಡನೆಯ ಕಾಯಿಲೆಯಾಗುತ್ತದೆ. ಗಂಡನಿಗೆ ಅದು ನೆಪವಾಗಿ ತೋರುತ್ತದೆ, ಅತ್ತೆಗೆ ಸೋಮಾರಿತನವಾಗಿ ತೋರುತ್ತದೆ, ನೆರೆಯವರಿಗೆ ನಜರ್ ತಗುಲಿದಂತೆ ತೋರುತ್ತದೆ. ತಾಯಿತ ಬರೆಸುತ್ತಾರೆ, ನೀರು ಊದಿಸುತ್ತಾರೆ, ಜಿನ್ ಬಿಡಿಸುವವರ ಬಳಿಗೆ ಕರೆದೊಯ್ಯುತ್ತಾರೆ.

ವೈದ್ಯಶಾಸ್ತ್ರದಲ್ಲಿ ಈ ರೋಗಕ್ಕೆ ಈಗಿನ ಹೆಸರು ಬಂದದ್ದು 1976ರಲ್ಲಿ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 1990ರಲ್ಲಿ ಇದನ್ನು ಗುರುತಿಸುವ ಮಾನದಂಡಗಳನ್ನು ಪ್ರಕಟಿಸಿತು, 2010ರಲ್ಲಿ ಅವುಗಳನ್ನು ಪರಿಷ್ಕರಿಸಿತು. ತಜ್ಞರ ಇಂದಿನ ವಿವರಣೆಯಂತೆ ದೋಷವಿರುವುದು ಸ್ನಾಯುವಿನಲ್ಲಿ ಅಲ್ಲ, ನೋವಿನ ಸಂದೇಶವನ್ನು ಹೊತ್ತು ತರುವ ಮತ್ತು ಅಳೆಯುವ ನರಮಂಡಲದಲ್ಲಿ. ಮಸೀದಿಯ ಧ್ವನಿವರ್ಧಕದ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟರೆ ಮೌಜ್ಜಿನ್ ಸಾಹೇಬರು ಮೆಲ್ಲನೆ ಕೆಮ್ಮಿದ್ದೂ ಊರಿಗೆಲ್ಲ ಗುಡುಗಿನಂತೆ ಕೇಳುತ್ತದೆ. ಕೆಮ್ಮು ಸಣ್ಣದು ಎಂಬುದು ನಿಜ. ಊರಿಗೆ ಕೇಳಿದ ಗುಡುಗೂ ನಿಜ. ರೋಗಿಯ ನೋವು ಇಂಥದು.

“ಸಬರ್ ಮಾಡು” ಎನ್ನುವವರಿಗೆ ಒಂದು ಪ್ರಶ್ನೆ. ಸಬರ್ ಎಂದರೆ ಬಾಯಿ ಮುಚ್ಚಿಕೊಂಡಿರುವುದೇ? ಸಹನೆಯ ಪ್ರತಿರೂಪವೆಂದು ನಾವು ಮಕ್ಕಳಿಗೆ ಪಾಠ ಹೇಳುವ ಪ್ರವಾದಿ ಅಯ್ಯೂಬ್ (ಅ) ತಮಗೆ ಕಷ್ಟ ತಟ್ಟಿದೆಯೆಂದು ತಮ್ಮ ಪ್ರಭುವಿನ ಮುಂದೆ ಮೊರೆಯಿಟ್ಟದ್ದನ್ನು ಪವಿತ್ರ ಕುರ್‌ಆನಿನ ಅಲ್ ಅಂಬಿಯಾ ಅಧ್ಯಾಯ ತಿಳಿಸುತ್ತದೆ. ಆ ಮೊರೆಯಿಂದ ಅವರ ಸಹನೆಗೆ ಕುಂದು ಬರಲಿಲ್ಲ. ಹಜರತ್ ಆಯಿಷಾ (ರ) ತಲೆನೋವಿನಿಂದ ನರಳಿದಾಗ ಪ್ರವಾದಿ ಮುಹಮ್ಮದ್ (ಸ) ಅವರನ್ನು ಗದರಿಸಲಿಲ್ಲ, ತಮಗೂ ತಲೆ ನೋಯುತ್ತಿದೆಯೆಂದು ಹೇಳಿದರೆಂಬ ವರದಿ ಸಹೀಹ್ ಬುಖಾರಿಯಲ್ಲಿದೆ. ಮುಳ್ಳು ಚುಚ್ಚಿದರೂ ಸತ್ಯವಿಶ್ವಾಸಿಯ ಪಾಪ ಮನ್ನಿಸಲ್ಪಡುತ್ತದೆ ಎಂಬ ಶುಭವಾರ್ತೆ ರೋಗಿಗೆ ದೊರೆತ ಸಾಂತ್ವನ. ಆರೋಗ್ಯವಂತನು ತನ್ನ ಕರ್ತವ್ಯದಿಂದ ಜಾರಿಕೊಳ್ಳಲು ಅದನ್ನು ನೆಪ ಮಾಡಿಕೊಳ್ಳುವುದು ಸಲ್ಲದು.

ಗಿಡಮೂಲಿಕೆಯೆಂಬ ಮರೆ

ಈಗ ಮಾರುವವನ ವಾದಕ್ಕೆ ಬರೋಣ. ಕುರ್‌ಆನ್ ನಿಷೇಧಿಸಿದ್ದು ಮದ್ಯವನ್ನು, ಗಾಂಜಾದ ಹೆಸರು ಅದರಲ್ಲಿಲ್ಲ, ಅಲ್ಲಾಹನು ಸೃಷ್ಟಿಸಿದ ಗಿಡ ಹರಾಮ್ ಆಗುವುದು ಹೇಗೆ ಎಂಬುದು ಅವನ ಪಟ್ಟು. ಈ ತರ್ಕ ಹೊಸದಲ್ಲ. ಏಳುನೂರು ವರ್ಷಗಳ ಹಿಂದೆ ಈಜಿಪ್ಟ್ ಮತ್ತು ಸಿರಿಯಾದ ಬೀದಿಗಳಲ್ಲಿ ಹಶೀಶ್ ಹಬ್ಬಿದಾಗ ಇದೇ ಮಾತು ಕೇಳಿಬಂದಿತ್ತು. ಅದಕ್ಕೆ ಉತ್ತರವೂ ಅಂದೇ ದೊರೆತಿದೆ. ಅದು ಮದ್ಯದಂತೆ ಅಮಲೇರಿಸುತ್ತದೆ ಎಂದು ಇಬ್ನ್ ತೈಮಿಯ್ಯಾ ವಾದಿಸಿದರು. ಅದು ಬುದ್ಧಿಯನ್ನು ಕೆಡಿಸುವ ವಸ್ತುಗಳ ಸಾಲಿಗೆ ಸೇರಿದ್ದು ಎಂದು ಮಾಲಿಕೀ ವಿದ್ವಾಂಸ ಕರಾಫಿ ವರ್ಗೀಕರಿಸಿದರು. ಶಾಫಿಈ ವಿದ್ವಾಂಸ ಬದ್ರುದ್ದೀನ್ ಝರ್ಕಶಿ ಹಶೀಶ್‌ನ ನಿಷಿದ್ಧತೆಯ ಕುರಿತೇ ಒಂದು ಪ್ರತ್ಯೇಕ ಗ್ರಂಥ ಬರೆದರು. ವರ್ಗೀಕರಣದಲ್ಲಿ ಭಿನ್ನಾಭಿಪ್ರಾಯವಿತ್ತು, ತೀರ್ಮಾನದಲ್ಲಿ ಇರಲಿಲ್ಲ. ಸುಖಕ್ಕಾಗಿ ಸೇವಿಸುವುದನ್ನು ಇವರಲ್ಲಿ ಯಾರೂ ಸಮ್ಮತಿಸಲಿಲ್ಲ. ಅಮಲೇರಿಸುವುದನ್ನೂ ಮೈಮನಗಳನ್ನು ಜಡಗೊಳಿಸುವುದನ್ನೂ ಪ್ರವಾದಿ (ಸ) ತಡೆದರೆಂಬ ಹಜರತ್ ಉಮ್ಮು ಸಲಮಾ (ರ) ಅವರ ವರದಿ ಅಬೂ ದಾವೂದ್‌ನಲ್ಲಿದೆ. ಗಿಡವೆಂಬ ಕಾರಣಕ್ಕೆ ಹಲಾಲ್ ಆಗುವುದಾದರೆ ದತ್ತೂರಿಯ ಬೀಜವನ್ನೂ ಬುತ್ತಿಗೆ ಕಟ್ಟಿಕೊಡಬಹುದಿತ್ತು!

“ನಮ್ಮ ಹಕೀಮರು ಬಳಸಿದ್ದರಲ್ಲ” ಎಂಬುದು ಅವನ ಎರಡನೆಯ ಮಾತು. ಬಳಸಿದ್ದು ನಿಜ, ಅದನ್ನು ನಾವು ಮರೆಮಾಚುವುದಿಲ್ಲ. 1839ರಲ್ಲಿ ಕಲ್ಕತ್ತಾದಲ್ಲಿ ಓ’ಶಾನೆಸ್ಸಿ ಎಂಬ ವೈದ್ಯ ಗಾಂಜಾದ ಸಾರವನ್ನು ಸಂಧಿವಾತದ ರೋಗಿಗಳಿಗೆ ಕೊಟ್ಟು ಬರೆದ ಪ್ರಬಂಧದಿಂದಲೇ ಯುರೋಪಿನ ವೈದ್ಯರು ಅದರತ್ತ ಹೊರಳಿದರು. ಅದಕ್ಕೂ ಎಷ್ಟೋ ಹಿಂದಿನ ಒಂದು ಪ್ರಸಂಗವನ್ನು ಹದಿನೈದನೆಯ ಶತಮಾನದ ಲೇಖಕ ಅಲ್ ಬದ್ರಿ ದಾಖಲಿಸಿದ್ದಾರೆ. ಬಗ್ದಾದಿನಲ್ಲಿ ಖಲೀಫರ ಅಧಿಕಾರಿಯೊಬ್ಬರ ಮಗನಿಗೆ ಮೂರ್ಛೆರೋಗವಿತ್ತು. ಕವಿಯೊಬ್ಬ ಅವನಿಗೆ ಹಶೀಶ್ ತಿನ್ನಿಸಿದ. ರೋಗ ಬಿಟ್ಟಿತು. ಆದರೆ ಆ ವ್ಯಕ್ತಿ ಅದಿಲ್ಲದೆ ಇರಲಾರದವನಾದ. ಮಾರುವವನು ಈ ಕಥೆಯ ಮೊದಲರ್ಧವನ್ನು ಮಾತ್ರ ಹೇಳುತ್ತಾನೆ. ನಮ್ಮ ಉಪದೇಶಕರು ಉತ್ತರಾರ್ಧವನ್ನು ಮಾತ್ರ ಹೇಳುತ್ತಾರೆ. ಪ್ರಾಮಾಣಿಕನು ಎರಡನ್ನೂ ಹೇಳಬೇಕು.

ಮೂರನೆಯದಾಗಿ, “ಮುಸ್ಲಿಂ ದೇಶಗಳೇ ಒಪ್ಪಿವೆ, ವಿಶ್ವಸಂಸ್ಥೆಯೇ ಒಪ್ಪಿದೆ” ಎಂಬ ಪ್ರಚಾರ. ಲೆಬನಾನ್ 2020ರಲ್ಲಿ, ಮೊರಾಕ್ಕೊ 2021ರಲ್ಲಿ ಕಾನೂನು ಮಾಡಿದ್ದು ಔಷಧ ಮತ್ತು ಕೈಗಾರಿಕೆಯ ಉದ್ದೇಶಕ್ಕೆ, ಸರ್ಕಾರದ ಕಣ್ಗಾವಲಿನಲ್ಲಿ ಬೆಳೆಯಲು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ 27-25 ಮತಗಳಿಂದ ಗಾಂಜಾವನ್ನು ಅತ್ಯಂತ ಕಠಿಣ ಪಟ್ಟಿಯಿಂದ ಕೈಬಿಟ್ಟಿತು, ಭಾರತವೂ ಅದರ ಪರ ಮತ ಹಾಕಿತು. ಆದರೆ ನಿಯಂತ್ರಿತ ವಸ್ತುಗಳ ಮೊದಲ ಪಟ್ಟಿಯಲ್ಲಿ ಅದು ಇಂದಿಗೂ ಇದೆ. ಸಂಶೋಧನೆಗೆ ದಾರಿ ಸುಗಮವಾದದ್ದನ್ನು ಎಲ್ಲರ ಸೇವನೆಗೆ ಸಿಕ್ಕ ಪರವಾನಗಿಯೆಂದು ಹೇಳುವುದು ಮಾರಾಟದ ಜಾಣತನ.

ಪ್ರಯೋಗಗಳು ಹೇಳಿದ್ದೇನು?

ಔಷಧವಾಗಿ ಅದು ಎಷ್ಟು ಫಲಕಾರಿ? ಶರೀಅತ್ತಿನ ತೀರ್ಪಿಗೂ ಈ ಪ್ರಶ್ನೆ ಅಗತ್ಯ. ಫಲವೇ ಖಚಿತವಿಲ್ಲದಿದ್ದಲ್ಲಿ ಅನಿವಾರ್ಯತೆಯ ಮಾತು ನಿಲ್ಲುವುದಿಲ್ಲ.

ಫೈಬ್ರೊಮಯಾಲ್ಜಿಯಾಕ್ಕೆ ಗಾಂಜಾ ಮೂಲದ ಅಥವಾ ಅದನ್ನು ಹೋಲುವ ಔಷಧಗಳ ಬಗ್ಗೆ 2016ರಲ್ಲಿ ಕಾಕ್ರೇನ್ ಸಂಸ್ಥೆ ಜಗತ್ತಿನ ಪ್ರಯೋಗಗಳನ್ನು ಜಾಲಾಡಿತು. ಪರಿಗಣನೆಗೆ ಅರ್ಹವಾಗಿ ಸಿಕ್ಕಿದ್ದು ಕೇವಲ ಎರಡು ಪ್ರಯೋಗಗಳು, ಒಟ್ಟು 72 ರೋಗಿಗಳು. ಮನವೊಪ್ಪುವ ಪುರಾವೆ ಇಲ್ಲವೆಂದು ಅದು ಹೇಳಿತು. 2019ರಲ್ಲಿ ನೆದರ್ಲೆಂಡ್ಸ್‌ನಲ್ಲಿ 20 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಗಾಂಜಾದ ಆವಿಯನ್ನು ಒಮ್ಮೆ ಸೇವಿಸಿದಾಗ ಸಹಜ ನೋವಿನ ಮೇಲೆ ಹುಸಿ ಔಷಧಕ್ಕಿಂತ ಹೆಚ್ಚಿನ ಪರಿಣಾಮ ಸರಾಸರಿಯಲ್ಲಿ ಕಾಣಲಿಲ್ಲ. 2020ರಲ್ಲಿ ಬ್ರೆಜಿಲ್‌ನಲ್ಲಿ 17 ಮಹಿಳೆಯರಿಗೆ ಎಂಟು ವಾರ ಎಣ್ಣೆ ಕೊಟ್ಟ ಪ್ರಯೋಗದಲ್ಲಿ ಸುಧಾರಣೆ ಕಂಡಿತು. ಆ ಎಣ್ಣೆಯಲ್ಲಿ ಹೆಚ್ಚಿದ್ದುದು ಅಮಲೇರಿಸುವ ಟಿಎಚ್‌ಸಿ ಅಂಶವೇ ಎಂಬುದನ್ನು, ‘ಇದರಲ್ಲಿ ನಶೆ ಇಲ್ಲ’ ಎಂದು ಸಿಬಿಡಿ ಎಣ್ಣೆ ಮಾರುವವರು ಹೇಳುವುದಿಲ್ಲ. ಹದಿನೇಳು ಜನರ ಫಲಿತಾಂಶ ಮುಂದಿನ ಸಂಶೋಧನೆಗೆ ಪ್ರೇರಣೆಯಾಗಬಹುದು, ಊರಿಗೆಲ್ಲ ಬಾಟಲಿ ಹಂಚಲು ಆಧಾರವಾಗದು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2021ರಲ್ಲಿ ಸಾಕಷ್ಟು ಪುರಾವೆಗಳಿಲ್ಲದ ಕಾರಣ ನೋವಿಗೆ ಗಾಂಜಾದ ಸಾಮಾನ್ಯ ಬಳಕೆಯನ್ನು ಅನುಮೋದಿಸಲು ನಿರಾಕರಿಸಿತು. ತಲೆಸುತ್ತು, ಮಂಪರು, ಅವಲಂಬನೆ, ಕೆಲವರಲ್ಲಿ ಚಿತ್ತಭ್ರಮೆ ಇವು ಅದರ ತಿಳಿದ ಅಪಾಯಗಳು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಇದರಿಂದ ದೂರವಿರಬೇಕೆಂಬುದು ವೈದ್ಯರ ಸಲಹೆ.

ಕಾನೂನಿನ ತಿರುವು

1985ರ ಮಾದಕವಸ್ತು ಕಾಯ್ದೆ ಗಾಂಜಾ ಎಂದು ಕರೆಯುವುದು ಗಿಡದ ಹೂ ಮತ್ತು ಕಾಯಿ ಬಿಟ್ಟ ತುದಿಗಳನ್ನು, ಅದರ ಅಂಟನ್ನು ಚರಸ್ ಎನ್ನುತ್ತದೆ. ತುದಿಗಳೊಂದಿಗೆ ಇಲ್ಲದ ಬರಿಯ ಎಲೆ, ಬೀಜ ಗಾಂಜಾದ ವ್ಯಾಖ್ಯೆಯಿಂದ ಹೊರಗಿವೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ನೀಡುವಾಗ ಭಂಗಿ ಈ ಕಾಯ್ದೆಯ ನಿಷಿದ್ಧ ವಸ್ತುವಲ್ಲ ಎಂದದ್ದು ಈ ವ್ಯಾಖ್ಯೆಯ ಮೇಲೆಯೇ. ಎಲೆಯಿಂದ ಆಯುಷ್ ಪರವಾನಗಿ ಪಡೆದು ತಯಾರಿಸಿದ ಔಷಧಗಳು ದೇಶದಲ್ಲಿವೆ. 2020ರ ಆರಂಭದಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಅಂತಹ ಔಷಧಗಳಿಗೆಂದೇ ಚಿಕಿತ್ಸಾಲಯವೊಂದು ತೆರೆದದ್ದು ಸುದ್ದಿಯಾಗಿತ್ತು. ಆದರೆ ಔಷಧ ನಿಯಮಗಳು ಭಂಗಿಯನ್ನು ವಿಷಕಾರಿ ದ್ರವ್ಯಗಳ ಪಟ್ಟಿಯಲ್ಲಿಟ್ಟಿವೆ. ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಅದರ ಚೀಟಿಯ ಮೇಲಿರಬೇಕು.

ಆದ್ದರಿಂದ ವೈದ್ಯರ ಚೀಟಿಯಿಲ್ಲದೆ, ಪರವಾನಗಿ ಸಂಖ್ಯೆಯಿಲ್ಲದೆ, ಯಾರದೋ ಕೊರಿಯರಿನಲ್ಲಿ ಬರುವ ಬಾಟಲಿಯಲ್ಲಿ ಇರುವುದು ಎಲೆಯ ಸಾರವೋ ಹೂವಿನ ಸಾರವೋ ಎಂಬುದನ್ನು ತೆಗೆದುಕೊಳ್ಳುವವಳು ಬಲ್ಲಳೇ? ಅದು ಹೂವಿನದ್ದಾಗಿದ್ದರೆ ಅಲ್ಪ ಪ್ರಮಾಣಕ್ಕೂ ಒಂದು ವರ್ಷದವರೆಗೆ ಸೆರೆವಾಸದ ಶಿಕ್ಷೆ ಕಾಯ್ದೆಯಲ್ಲಿದೆ. ನೋವಿನಿಂದ ಬಿಡುಗಡೆ ಬಯಸಿದ ತಾಯಿಯನ್ನು ಠಾಣೆಯ ಮೆಟ್ಟಿಲು ಹತ್ತಿಸುವ ಈ ವ್ಯಾಪಾರವನ್ನು ಸೇವೆಯೆಂದು ಕರೆಯುವವರಿಗೆ ಅಲ್ಲಾಹನ ಭಯವಿರಲಿ.

ಅನಿವಾರ್ಯತೆಯ ಅಳತೆ

ಹಾಗಾದರೆ ಶರೀಅತ್ ಈ ಬಾಗಿಲನ್ನು ಎಂದೆಂದಿಗೂ ಮುಚ್ಚಿದೆಯೇ? ಇಲ್ಲ. ಇಲ್ಲಿಯೇ ನಮ್ಮ ಉಪದೇಶಕರ ಅರ್ಧ ಸತ್ಯ ಬಯಲಾಗುತ್ತದೆ.

ಮದ್ಯವನ್ನು ಔಷಧಕ್ಕಾಗಿ ತಯಾರಿಸುತ್ತೇನೆಂದ ತಾರಿಕ್ ಬಿನ್ ಸುವೈದ್ (ರ) ಅವರಿಗೆ ಪ್ರವಾದಿ (ಸ) ಅದು ಮದ್ದಲ್ಲ, ರೋಗವೇ ಎಂದು ತಿಳಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಇದು ಮೂಲ ನಿಯಮ. ಆದರೆ ಪುರುಷರಿಗೆ ರೇಷ್ಮೆಯನ್ನು ನಿಷೇಧಿಸಿದ ಪ್ರವಾದಿ (ಸ) ಅವರೇ ಮೈತುರಿಕೆಯಿಂದ ಬಳಲುತ್ತಿದ್ದ ಝುಬೈರ್ (ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಅವರಿಗೆ ರೇಷ್ಮೆ ತೊಡಲು ಅನುಮತಿ ನೀಡಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನೂಲು, ಬಟ್ಟೆಗಳ ನಡುವೆ ಬದುಕುವ ನಮ್ಮ ಊರಿನವರಿಗೆ ಈ ಹದೀಸಿನ ಸೂಕ್ಷ್ಮ ಬೇಗ ತಿಳಿಯಬೇಕು. ತುರಿಕೆಯಿಂದ ಯಾರೂ ಸಾಯುವುದಿಲ್ಲ. ಆದರೂ ಆ ಬಾಧೆಯನ್ನು ಪ್ರವಾದಿ (ಸ) ಕಡೆಗಣಿಸಲಿಲ್ಲ. ಪ್ರಾಣ ಹೋಗುವ ಹೊತ್ತಿಗೆ ಮಾತ್ರ ರಿಯಾಯಿತಿ, ಅಲ್ಲಿಯವರೆಗೆ ನರಳು ಎನ್ನುವವರು ಈ ಹದೀಸನ್ನು ಇನ್ನೊಮ್ಮೆ ಓದಲಿ.

ಫಿಕ್‌ಹಿನ ಇಮಾಮರು ಈ ಎರಡು ಬಗೆಯ ಪ್ರಮಾಣಗಳನ್ನೂ ಮುಂದಿಟ್ಟುಕೊಂಡು ಮಾರ್ಗ ತೋರಿದ್ದಾರೆ. ಕೊಳೆತ ಅಂಗವನ್ನು ಕತ್ತರಿಸಲು ಪ್ರಜ್ಞೆ ತಪ್ಪಿಸುವ ಮೂಲಿಕೆಯ ಬಳಕೆಯನ್ನು ಇಮಾಮ್ ನವವಿ ಚರ್ಚಿಸಿ ಸಮ್ಮತಿಯ ಕಡೆಗೆ ಒಲಿದರು. ಉತ್ತರ ಕರ್ನಾಟಕದ ನಮ್ಮ ಬಹುತೇಕ ಕುಟುಂಬಗಳು ಅನುಸರಿಸುವ ಹನಫೀ ಮಝ್‌ಹಬಿನಲ್ಲಿ ಇಬ್ನ್ ಆಬಿದೀನ್ ಇಂತಹ ಮೂಲಿಕೆಗಳನ್ನು ಅಮಲೇರದಷ್ಟು ಅಲ್ಪ ಪ್ರಮಾಣದಲ್ಲಿ, ಔಷಧಕ್ಕೆ ಮಾತ್ರ ಬಳಸುವುದನ್ನು ವಿಲಾಸದ ಸೇವನೆಯಿಂದ ಬೇರ್ಪಡಿಸಿದ್ದಾರೆ. ಅನಿವಾರ್ಯತೆಯು ನಿಷಿದ್ಧವನ್ನು ಸಡಿಲಿಸುತ್ತದೆ, ಆದರೆ ಅನಿವಾರ್ಯತೆ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಎಂಬುದು ಎಲ್ಲರೂ ಒಪ್ಪಿದ ಸೂತ್ರ.

ಇದರಿಂದ ನಾವು ತಿಳಿಯುವುದು ಇಷ್ಟು. ಚಿಲುಮೆ, ಬೀಡಿ, ಹೊಗೆಯ ಯಾವ ರೂಪವೂ ಔಷಧವಲ್ಲ. ಸ್ವಂತ ನಿರ್ಧಾರದಿಂದ ತರಿಸಿದ ಬಾಟಲಿಯೂ ಔಷಧವಲ್ಲ. ಅರ್ಹ ವೈದ್ಯರು ಥೈರಾಯ್ಡ್, ಸಂಧಿವಾತ ಮುಂತಾದ ಬೇರೆ ರೋಗಗಳಿಲ್ಲವೆಂದು ಪರೀಕ್ಷಿಸಿ ಈ ರೋಗವನ್ನು ಗುರುತಿಸಿರಬೇಕು. ನಿಷಿದ್ಧವಲ್ಲದ ಚಿಕಿತ್ಸೆಗಳನ್ನು ಹೆಸರಿಗೆ ಮಾತ್ರವಲ್ಲದೆ ನಿಜವಾಗಿಯೂ ಮಾಡಿ ನೋಡಿರಬೇಕು. ಅವು ಫಲಿಸದೆ ಹೋದಾಗ, ಲಾಭದ ಹಂಗಿಲ್ಲದ ನಂಬಿಕಸ್ಥ ವೈದ್ಯರೇ ಕಾನೂನುಬದ್ಧ ಔಷಧವನ್ನು ಅಮಲೇರದ ಪ್ರಮಾಣದಲ್ಲಿ ಬರೆದುಕೊಟ್ಟರೆ, ಮುಫ್ತಿಯವರೊಡನೆ ಸಮಾಲೋಚಿಸಿ ಅದನ್ನು ತೆಗೆದುಕೊಳ್ಳುವ ಸಹೋದರಿಯನ್ನು ಪಾಪಿಯೆಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ. ಫಲ ಕಾಣದಿದ್ದರೆ ನಿಲ್ಲಿಸಬೇಕು. ಇಂದಿನ ಪುರಾವೆಗಳ ಸ್ಥಿತಿಯಲ್ಲಿ ಆ ಹಂತ ತಲುಪುವವರು ಅತಿ ವಿರಳ.

ತೆರೆಯಬೇಕಾದ ಬಾಗಿಲು

ಈಗ ಕೇಳಲೇಬೇಕಾದ ಪ್ರಶ್ನೆ: ಉಳಿದ ಚಿಕಿತ್ಸೆಗಳನ್ನು ಮಾಡಿ ನೋಡಲು ಆಕೆಗೆ ನಾವು ಅವಕಾಶ ಕೊಟ್ಟಿದ್ದೇವೆಯೇ?

ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಈ ರೋಗಕ್ಕೆ ಬಲವಾಗಿ ಶಿಫಾರಸು ಮಾಡಿದ ಚಿಕಿತ್ಸೆ ಒಂದೇ, ಅದು ವ್ಯಾಯಾಮ. ಮೆಲ್ಲನೆ ಆರಂಭಿಸಿ ದಿನದಿನಕ್ಕೆ ಏರಿಸುವ ನಡಿಗೆ, ಸ್ನಾಯುಗಳಿಗೆ ಬಲ ಕೊಡುವ ಚಟುವಟಿಕೆ. ಇದಕ್ಕೆ ಹಣ ಬೇಡ, ಸಮಯ ಬೇಕು. ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಕೇಳುವ ಗಂಡಸರು ಒಂದು ದಿನ ಬಾವಿಯಿಂದ ಕೊಡ ಹೊತ್ತು, ಐವತ್ತು ರೊಟ್ಟಿ ಬಡಿದು ನೋಡಲಿ. ದಣಿವಿಗೂ ವ್ಯಾಯಾಮಕ್ಕೂ ಇರುವ ಅಂತರ ತೋಳುಗಳೇ ಹೇಳುತ್ತವೆ. ಸುರಕ್ಷಿತವಾಗಿ ಮುಂಜಾನೆ ಅರ್ಧ ತಾಸು ನಡೆಯಲು ನಮ್ಮ ಹೆಣ್ಣುಮಕ್ಕಳಿಗೆ ಊರಿನಲ್ಲಿ ದಾರಿಯಿದೆಯೇ, ಮನೆಯವರ ಒಪ್ಪಿಗೆಯಿದೆಯೇ?

ಇನ್ನು ಔಷಧಗಳು. ಪ್ರೆಗಾಬಲಿನ್ 2007ರಲ್ಲಿ, ಡುಲಾಕ್ಸೆಟಿನ್ 2008ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆಂದು ಅನುಮೋದನೆ ಪಡೆದವು. ನಿದ್ರೆ, ನೋವುಗಳಿಗೆ ಅಲ್ಪ ಪ್ರಮಾಣದ ಅಮಿಟ್ರಿಪ್ಟಿಲಿನ್ ಹಳೆಯ ಮದ್ದು. ಇವು ಎಲ್ಲರಿಗೂ ಫಲ ಕೊಡುವುದಿಲ್ಲ, ಇವುಗಳಿಗೂ ಅಡ್ಡಪರಿಣಾಮಗಳಿವೆ, ವೈದ್ಯರ ನಿಗಾ ಬೇಕು. ಆದರೆ “ಹುಚ್ಚರ ಗುಳಿಗೆ” ಎಂಬ ಒಂದೇ ಮಾತಿಗೆ ಹೆದರಿ ಎಷ್ಟು ಮನೆಗಳಲ್ಲಿ ಇವು ಕಸದ ಬುಟ್ಟಿ ಸೇರುತ್ತವೆ! ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯೇ ಇದೆ. ಅದರ ಬಾಗಿಲು ತುಳಿದರೆ ಮಗಳ ಮದುವೆ ನಿಲ್ಲುತ್ತದೆಂಬ ಭಯದಿಂದ ನರಳುವಿಕೆಯನ್ನೇ ಆರಿಸಿಕೊಳ್ಳುವವರಿದ್ದಾರೆ. ಅದೇ ಮನೆಗಳಲ್ಲಿ ಮೆಡಿಕಲ್ ಅಂಗಡಿಯ ನೋವಿನ ಮಾತ್ರೆ ದಿನಕ್ಕೆರಡು ನುಂಗುವುದಕ್ಕೆ, ಸ್ಟಿರಾಯ್ಡ್ ಬೆರೆತಿರಬಹುದಾದ ಹೆಸರಿಲ್ಲದ ಪುಡಿ ತಿನ್ನುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆ ಮಾತ್ರೆಗಳು ಈ ರೋಗಕ್ಕೆ ಹೆಚ್ಚು ಫಲ ಕೊಡುವುದಿಲ್ಲ, ಮೂತ್ರಪಿಂಡಕ್ಕೆ ಮಾತ್ರ ಹಾನಿ ಮಾಡಬಲ್ಲವು. ದೇಹವು ಅಲ್ಲಾಹನ ಅಮಾನತ್ತು ಎನ್ನುವ ಸಮುದಾಯ ಇದನ್ನು ಗಮನಿಸದಿರುವುದೇಕೆ?

ಇನ್ನೊಂದು ವಿಪರ್ಯಾಸ. ಉರೂಸಿನ ಮೂಲೆಯಲ್ಲಿ ಚಿಲುಮೆ ಸೇದುವವನನ್ನು ಕಂಡರೆ ‘ಮಸ್ತಾನ ಫಕೀರ’ ಎಂದು ಕೈಮುಗಿದು ಮುಂದೆ ಹೋಗುವವರಿದ್ದಾರೆ. ಅದೇ ಜನ ನೋವಿನಿಂದ ಹಾಸಿಗೆ ಹಿಡಿದ ಹೆಣ್ಣು ವೈದ್ಯರ ಬರಹವನ್ನು ತೋರಿಸಿ ಪ್ರಶ್ನೆ ಕೇಳಿದರೆ ಅವಳ ಈಮಾನನ್ನೇ ತೂಗುತ್ತಾರೆ. ಶರೀಅತ್ತಿನ ತಕ್ಕಡಿ ಹೀಗೆ ಬಲಶಾಲಿಗೊಂದು, ಬಡವಿಗೊಂದು ಆಗುವುದಿಲ್ಲ.

ಆದ್ದರಿಂದ ಹರಾಮ್ ಎನ್ನುವ ನಾಲಿಗೆಗೆ ನಾವು ಕೆಲವು ಹೊಣೆಗಳನ್ನು ನೆನಪಿಸುತ್ತೇವೆ. ರೋಗಿಯ ಮಾತನ್ನು ನಂಬಿ. ಅವಳು ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡಿದರೆ ಹುಬ್ಬೇರಿಸಬೇಡಿ. ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ ನಮಾಝ್ ಮಾಡಲೆಂದು ಇಮ್ರಾನ್ ಬಿನ್ ಹುಸೈನ್ (ರ) ಅವರಿಗೆ ಅನುಮತಿಯಿತ್ತವರು ಪ್ರವಾದಿಯವರೇ (ಸ). ಮನೆಗೆಲಸವನ್ನು ಹಂಚಿಕೊಳ್ಳಿ. ಮನೆಯಲ್ಲಿದ್ದಾಗ ಅವರು (ಸ) ಮನೆಯವರ ಸೇವೆಯಲ್ಲಿರುತ್ತಿದ್ದರೆಂದು ಹಜರತ್ ಆಯಿಷಾ (ರ) ತಿಳಿಸಿದ್ದಾರೆ. ಜಮಾಅತ್ತಿನ ಹಣದಲ್ಲಿ ಮಿನಾರಿನ ಬಣ್ಣಕ್ಕೆ ಪಾಲಿರುವಂತೆ, ಬಡ ರೋಗಿಯೊಬ್ಬಳನ್ನು ಧಾರವಾಡದ ವೈದ್ಯರಲ್ಲಿಗೆ ತಿಂಗಳಿಗೊಮ್ಮೆ ಕರೆದೊಯ್ಯುವ ಖರ್ಚಿಗೂ ಪಾಲಿರಲಿ. ಚಿಕಿತ್ಸೆ ಪಡೆಯಿರೆಂಬ ಪ್ರವಾದಿಯವರ (ಸ) ಆದೇಶವನ್ನು, ಮದ್ಯದ ನಿಷೇಧ ಸಾರುವಷ್ಟೇ ಗಟ್ಟಿ ಧ್ವನಿಯಲ್ಲಿ ಜುಮಾದ ಮಿಂಬರಿನಿಂದ ಸಾರಿ.

ಇಷ್ಟು ಮಾಡಿದ ಸಮುದಾಯ ಗಾಂಜಾ ಎಣ್ಣೆಯನ್ನು ಬೇಡವೆಂದರೆ ಆ ಮಾತಿಗೆ ತೂಕ ಬರುತ್ತದೆ. ಏನನ್ನೂ ಮಾಡದೆ ಬೇಡವೆಂದರೆ, ರಾತ್ರಿ ಒಬ್ಬಳೇ ನರಳುವ ಆ ತಾಯಿಗೆ ಕೊನೆಗೆ ಉಳಿಯುವ ಜೊತೆ ಮೊಬೈಲಿನೊಳಗಿನ ಮಾರಾಟಗಾರನೇ. ಅವಳನ್ನು ಅವನ ಕೈಗೆ ಒಪ್ಪಿಸಿದವರು ಯಾರೆಂದು ನಾಳೆ ಮಹ್ಶರಿನಲ್ಲಿ ಕೇಳಲಾಗುವುದು.

ರೋಗಿಗಳಿಗೆ ಶಿಫಾವನ್ನೂ, ಅವರ ಮನೆಯವರಿಗೆ ಕರುಣೆಯನ್ನೂ, ಮಾತನಾಡುವ ನಮಗೆ ಜ್ಞಾನದೊಡನೆ ವಿನಯವನ್ನೂ ಅಲ್ಲಾಹನು ಅನುಗ್ರಹಿಸಲಿ. ಆಮೀನ್.